ಉಪ್ಪಿಲ್ಲದ ರೊಟ್ಟಿ

ಕುವೈತಿನಲ್ಲಿ ಭಾನುವಾರ ಎಲ್ಲರಿಗೂ ಕೆಲಸದ ದಿನ. ಹಾಗಾಗಿ ಕ್ರೈಸ್ತರ ದೊಡ್ಡ ಪೂಜೆ ನಡೆಯುವುದು ಶುಕ್ರವಾರ. ಆಲಿವ್ ಮಥಾಯಸ್ ಆ ಊರಿಗೆ ಬಂದ ಹದಿನೈದು ವರ್ಷಗಳಲ್ಲಿ, ರಜೆಗೆ ಮನೆಗೆ ಹೋದದ್ದು ಬಿಟ್ಟರೆ, ಒಂದು ಶುಕ್ರವಾರವನ್ನೂ ತಪ್ಪಿಸಿದವಳಲ್ಲ. ಜ್ವರ ಬಂದರೆ ಶಾಲು ಹೊದ್ದು ಬಂದಳು, ಧೂಳುಗಾಳಿ ಎದ್ದರೆ ಮುಖಕ್ಕೆ ಬಟ್ಟೆ ಸುತ್ತಿ ಬಂದಳು. ಬಂದು ಕೊನೆಯ ಬೆಂಚಿನ ಮೂಲೆಯಲ್ಲಿ, ಫ್ಯಾನಿನ ಗಾಳಿಯೂ ತಲುಪದ ಜಾಗದಲ್ಲಿ ಕೂರುತ್ತಿದ್ದಳು. ಹಾಡುವಾಗ ಎಲ್ಲರಿಗಿಂತ ದೊಡ್ಡ ದನಿ ಅವಳದು, ಮೊಣಕಾಲೂರುವುದರಲ್ಲಿಯೂ ಅವಳೇ ಮೊದಲು. ಆದರೆ ಪ್ರಸಾದದ ಹೊತ್ತು ಬಂದು, ಜನ ಸಾಲುಗಟ್ಟಿ ಮುಂದೆ ಹೋಗಿ ಗೋಧಿಯ ಆ ತೆಳ್ಳನೆಯ ಬಿಳಿ ಬಿಲ್ಲೆಯನ್ನು ಕ್ರಿಸ್ತನ ಶರೀರವೆಂದು ನಾಲಗೆಯ ಮೇಲೆ ಪಡೆಯುವಾಗ, ಆಲಿವ್ ಮಾತ್ರ ಬೆಂಚು ಬಿಟ್ಟು ಏಳುತ್ತಿರಲಿಲ್ಲ.

ಇದನ್ನು ಯಾರೂ ಗಮನಿಸಲಿಲ್ಲವೇ ಎಂದು ಕೇಳಬೇಡಿ. ನಮ್ಮ ಮಂಗಳೂರಿನ ಕಥೊಲಿಕರಲ್ಲಿ ಯಾರು ಪ್ರಸಾದ ತೆಗೆದುಕೊಳ್ಳಲಿಲ್ಲ, ಯಾಕಿರಬಹುದು ಎಂಬುದು ಪೂಜೆ ಮುಗಿದು ಗೇಟು ದಾಟುವುದರೊಳಗೆ ಅರ್ಧ ಊರಿಗೆ ಗೊತ್ತಾಗಿರುತ್ತದೆ. ಅದಕ್ಕೇ ಆಲಿವ್ ಒಂದು ಉಪಾಯ ಮಾಡಿಕೊಂಡಿದ್ದಳು. ಪ್ರಸಾದಕ್ಕೆ ಒಂದು ಗಂಟೆ ಮೊದಲಿನಿಂದ ಏನೂ ತಿನ್ನಬಾರದು ಎಂಬುದು ಇಗರ್ಜಿಯ, ಅಂದರೆ ಚರ್ಚಿನ, ನಿಯಮ. ಅವಳು ಇಗರ್ಜಿಯ ಗೇಟಿನಲ್ಲಿ ನಿಂತು, ನಾಲ್ಕು ಜನರ ಕಣ್ಣಿಗೆ ಬೀಳುವಂತೆ, ಒಂದು ಪೆಪ್ಪರ್‌ಮಿಂಟನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಯಾರಾದರೂ ಕೇಳಿದರೆ, ಅಯ್ಯೋ, ಮರೆತು ತಿಂದುಬಿಟ್ಟೆ ಎಂದರಾಯಿತು. ಪ್ರತಿ ಶುಕ್ರವಾರ ಮರೆಯುವ ಹೆಂಗಸನ್ನು ಜನ ಕೊನೆಗೆ ಮರೆಗುಳಿ ಎಂದು ಕರೆದು ಸುಮ್ಮನಾದರು. ಹದಿಮೂರು ಜನರ ಕುವೈತಿ ಮನೆಯಲ್ಲಿ ಯಾರಿಗೆ ಖಾರ ಆಗದು, ಯಾರಿಗೆ ಸಕ್ಕರೆ ಕಾಯಿಲೆ ಎಂಬುದನ್ನು ಒಂದು ದಿನವೂ ತಪ್ಪದೆ ನೆನಪಿಟ್ಟು ಬೇಯಿಸುವ ಅಡುಗೆಯವಳು ಅದು ಹೇಗೆ ಮರೆಗುಳಿಯಾದಾಳು ಎಂದು ಯಾರಿಗೂ ಹೊಳೆಯಲಿಲ್ಲ.

ನಿಜ ಸಂಗತಿ ಬೇರೆ. ಆಲಿವ್ ಹನ್ನೊಂದು ವರ್ಷದವಳಿದ್ದಾಗ, ಶಿರ್ವದ ಹತ್ತಿರದ ಅವರ ಮನೆಯಲ್ಲಿ ತಾಯಿಗೆ ಟೈಫಾಯ್ಡ್ ಬಂತು. ಪಾದ್ರಿಯನ್ನು ಕರೆಸಿ, ಸಾಯುವವರಿಗೆ ಹಚ್ಚುವ ಕೊನೆಯ ಎಣ್ಣೆ ಹಚ್ಚಿಸಿಯೂ ಆಗಿತ್ತು. ಹುಡುಗಿ ದೇವರ ಪೀಠದ ಮುಂದೆ ಮೊಣಕಾಲೂರಿ, ಅಮ್ಮನನ್ನು ಬಿಡು, ಬದಲಿಗೆ ನನ್ನನ್ನು ಇಟ್ಟುಕೋ, ನಾನು ಸಿಸ್ಟರ್ ಆಗುತ್ತೇನೆ ಎಂದು ಹರಕೆ ಹೇಳಿಕೊಂಡಳು. ತಾಯಿ ಬದುಕಿದಳು. ಹುಡುಗಿ ಮಾತಿಗೆ ತಪ್ಪದೆ ಹದಿನೆಂಟಕ್ಕೆ ಕಾನ್ವೆಂಟ್ ಸೇರಿದಳು. ಮೂರು ವರ್ಷ ಕಳೆದು ಇನ್ನೇನು ಸಿಸ್ಟರ್ ಆಗುವ ಮೊದಲ ವ್ರತಕ್ಕೆ ಎರಡು ತಿಂಗಳಿದೆ ಎನ್ನುವಾಗ, ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ತಂದೆ ತೀರಿಕೊಂಡರು. ಅವಳ ಬೆನ್ನಿಗೆ ಹುಟ್ಟಿದವರು ಐದು ಜನ. ಆಲಿವ್ ಬಿಳಿ ಉಡುಪನ್ನು ಮಡಚಿ ಕಾನ್ವೆಂಟಿನ ಮುಖ್ಯಸ್ಥೆ ಮದರ್ ಕೈಗೆ ಕೊಟ್ಟು ಬಂದವಳು ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ. ಎರಡು ವರ್ಷ ಊರಲ್ಲಿ ದುಡಿದಳು, ಆಮೇಲೆ ಕುವೈತಿಗೆ ಬಂದಳು. ತಮ್ಮ ಬ್ಯಾಂಕು ಸೇರಿದ, ತಂಗಿಯರ ಮದುವೆಯಾಯಿತು. ಹರಕೆಯ ವಿಷಯ ಅವಳಿಗೂ ದೇವರಿಗೂ ಬಿಟ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ. ಕೊಟ್ಟ ಮಾತು ಮುರಿದವಳಿಗೆ ಅವನ ಪಂಕ್ತಿಯಲ್ಲಿ ಊಟವಿಲ್ಲ ಎಂದು ಅವಳು ಅಂದೇ ತೀರ್ಮಾನಿಸಿದ್ದಳು. ಹದಿನೇಳು ವರ್ಷವಾಯಿತು, ಪ್ರಸಾದ ಮುಟ್ಟಿರಲಿಲ್ಲ.

ಪಾಪನಿವೇದನೆ ಮಾಡಿಕೊಂಡರೆ ಮುಗಿಯುತ್ತಿತ್ತಲ್ಲ ಎನ್ನಬಹುದು. ಅಲ್ಲಿಯೇ ತೊಡಕಿದ್ದದ್ದು. ಪಾಪವನ್ನು ಪಾದ್ರಿಗೆ ಹೇಳಿಕೊಳ್ಳಬೇಕಾದರೆ ಪಶ್ಚಾತ್ತಾಪ ಇರಬೇಕು. ಆಲಿವ್‌ಗೆ ಅದಿರಲಿಲ್ಲ. ತಮ್ಮ ತಂಗಿಯರಿಗೆ ಅನ್ನ ಹಾಕಿದ್ದಕ್ಕೆ ಅವಳಿಗೆ ಒಂದು ಚೂರೂ ಬೇಸರವಿರಲಿಲ್ಲ, ಇದೆ ಎಂದು ಸುಳ್ಳು ಹೇಳಲು ಅವಳ ಹಟ ಬಿಡುತ್ತಿರಲಿಲ್ಲ. ಆ ಹಟಕ್ಕೆ ಮದ್ದಿರಲಿಲ್ಲ.

1990ರ ಆಗಸ್ಟ್ ಎರಡರ ಬೆಳಿಗ್ಗೆ ಇರಾಕಿನ ಟ್ಯಾಂಕುಗಳು ಕುವೈತಿಗೆ ನುಗ್ಗಿದಾಗ ಆಲಿವ್‌ಳ ಕಫೀಲ್, ಅಂದರೆ ಅವಳನ್ನು ಕೆಲಸಕ್ಕೆ ಕರೆಸಿಕೊಂಡ ಯಜಮಾನ, ಸಂಸಾರ ಸಮೇತ ಬೇಸಿಗೆ ಕಳೆಯಲು ಕೈರೋಗೆ ಹೋಗಿದ್ದ. ಅವನು ಮತ್ತೆ ಬರಲಿಲ್ಲ. ದೊಡ್ಡ ಮನೆಯಲ್ಲಿ ಒಬ್ಬಳೇ ಇರಲಾಗದೆ ಅವಳು ಬ್ನೇದ್ ಅಲ್ ಗಾರ್‌ನಲ್ಲಿ ಕಾರ್ಮೆಲ್‌ಳ ಫ್ಲಾಟಿಗೆ ಬಂದು ಸೇರಿಕೊಂಡಳು. ಕಾರ್ಮೆಲ್ ಇಪ್ಪತ್ತನಾಲ್ಕರ ಹುಡುಗಿ, ಕಿನ್ನಿಗೋಳಿಯವಳು, ಬಟ್ಟೆ ಅಂಗಡಿಯಲ್ಲಿ ಸೇಲ್ಸ್‌ಗರ್ಲ್. ಗಂಡ ರಜೆಯ ಮೇಲೆ ಊರಿಗೆ ಹೋದವನು ಅಲ್ಲೇ ಸಿಕ್ಕಿಬಿದ್ದಿದ್ದ, ಇವಳು ಇಲ್ಲಿ ಬಸುರಿ. ಸೆಪ್ಟೆಂಬರಿನಲ್ಲಿ ಊರಿನವರೆಲ್ಲ ಬಸ್ಸು ಹಿಡಿದು ಜೋರ್ಡಾನಿನ ದಾರಿಯಲ್ಲಿ ಹೊರಟಾಗ ಕಾರ್ಮೆಲ್‌ಗೆ ರಕ್ತ ಕಾಣಿಸಿಕೊಂಡಿತ್ತು. ಮರಳುಗಾಡಿನಲ್ಲಿ ಮೂರು ದಿನದ ಬಸ್ಸು ಪ್ರಯಾಣ ಮಾಡಿದರೆ ಮಗು ಉಳಿಯುವುದಿಲ್ಲ ಎಂದರು ಡಾಕ್ಟರು. ಆಲಿವ್ ತನ್ನ ಸೀಟನ್ನು ಯಾರೋ ಟೀಚರಿಗೆ ಬಿಟ್ಟುಕೊಟ್ಟು, ಕಟ್ಟಿದ್ದ ಪೆಟ್ಟಿಗೆ ಬಿಚ್ಚಿ, ಒಲೆಯ ಮೇಲೆ ಗಂಜಿಗೆ ನೀರಿಟ್ಟಳು. ಅದನ್ನು ತ್ಯಾಗವೆಂದೇನೂ ಅವಳು ಭಾವಿಸಲಿಲ್ಲ. ಹುಡುಗಿಗೆ ಬೇಯಿಸಿ ಹಾಕುವವರು ಬೇಕಿತ್ತು, ಇವಳಿಗೆ ಬೇಯಿಸಲು ಬರುತ್ತಿತ್ತು.

ಕಾರ್ಮೆಲ್ ಒಳ್ಳೆಯ ಹುಡುಗಿಯೇ, ಆಲಿವ್‌ಳನ್ನು ನಮ್ಮ ಕಡೆಯ ಗೌರವದ ಮಾತಿನಲ್ಲಿ 'ಬಾಯಿ' ಎಂದೇ ಕರೆಯುತ್ತಿದ್ದಳು. ಆದರೆ ಅವಳ ಬಾಯಲ್ಲಿ ಒಂದು ಗುಟ್ಟೂ ನಿಲ್ಲುತ್ತಿರಲಿಲ್ಲ. ಆಗಸ್ಟಿನಲ್ಲಿ ಹೊರಗೆ ಗುಂಡಿನ ಸದ್ದು ಕೇಳುತ್ತ ಇಬ್ಬರೂ ಬಚ್ಚಲುಮನೆಯಲ್ಲಿ ಅವಿತಿದ್ದಾಗ, ಹುಡುಗಿಯ ಗಮನ ಬೇರೆಡೆಗೆ ತಿರುಗಿಸಲು ಆಲಿವ್ ತನ್ನ ಕಾನ್ವೆಂಟಿನ ದಿನಗಳ ಬಗ್ಗೆ ಹೇಳಿದ್ದಳು, ಹರಕೆಯ ಮಾತೊಂದನ್ನು ಬಿಟ್ಟು. ಅಲ್ಲಿ ಪೂಜೆಯ ರೊಟ್ಟಿ, ಕೊಂಕಣಿಯಲ್ಲಿ ನಾವು ಒಸ್ತಿ ಎನ್ನುತ್ತೇವಲ್ಲ, ಅದನ್ನು ಮಾಡುವುದು ತನ್ನ ಪಾಲಿನ ಕೆಲಸವಾಗಿತ್ತು ಎಂದಿದ್ದಳು. ಡಿಸೆಂಬರ್ ಎರಡನೇ ಶುಕ್ರವಾರ ಫಾದರ್ ಜೋಕಿಮ್ ಪೂಜೆ ಮುಗಿಸಿ, ಹೊರದೇಶದಿಂದ ಡಬ್ಬಿಗಳಲ್ಲಿ ಬರುತ್ತಿದ್ದ ಒಸ್ತಿ ಇವತ್ತಿಗೆ ಮುಗಿಯಿತು, ಕ್ರಿಸ್ಮಸ್ಸಿಗೆ ಒಂದೂ ಇಲ್ಲ ಎಂದು ಹೇಳಿದರು. ಇದ್ದ ನೂರೈವತ್ತು ಜನರಲ್ಲಿ ಮೊದಲು ಎದ್ದದ್ದು ಕಾರ್ಮೆಲ್, ಅದೂ ಏಳು ತಿಂಗಳ ಹೊಟ್ಟೆ ಹೊತ್ತುಕೊಂಡು. ನಮ್ಮ ಆಲಿವ್ ಬಾಯಿಗೆ ಅದನ್ನು ಮಾಡಲು ಬರುತ್ತದೆ, ಅವರು ಕಾನ್ವೆಂಟಿನಲ್ಲಿದ್ದವರು ಎಂದು ಇಡೀ ಇಗರ್ಜಿಗೆ ಕೇಳುವಂತೆ ಹೇಳಿ ಕೂತಳು. ನೂರೈವತ್ತು ತಲೆಗಳು ಒಟ್ಟಿಗೆ ಕೊನೆಯ ಬೆಂಚಿನ ಕಡೆ ತಿರುಗಿದವು. ಆಲಿವ್‌ಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

ಫಾದರ್ ಜೋಕಿಮ್ ಬೆಳ್ಮಣ್ ಕಡೆಯವರು, ಅರವತ್ತು ದಾಟಿದವರು, ಹೋಗುವ ಅವಕಾಶವಿದ್ದರೂ ಹೋಗದೆ ಉಳಿದವರು. ಅವರು ಹೆಚ್ಚು ಮಾತಾಡದೆ, ಈಸ್ಟರ್ ಹಬ್ಬದ ದೊಡ್ಡ ಮೇಣದ ಬತ್ತಿಯ ಬುಡದಿಂದ ಒಂದು ತುಂಡು ಜೇನುಮೇಣ ಕತ್ತರಿಸಿ ಅವಳ ಕೈಗಿಟ್ಟರು. ಒಸ್ತಿಯ ಕಾವಲಿಗೆ ಎಣ್ಣೆ ಸವರುವಂತಿಲ್ಲ, ಜೇನುಮೇಣವನ್ನೇ ಒರೆಸಬೇಕು ಎಂಬುದು ಅವರಿಗೂ ಗೊತ್ತಿತ್ತು. ಆಲಿವ್‌ಗೆ ಬೇಡ ಎನ್ನಲಾಗಲಿಲ್ಲ. ಬೇಯಿಸುವುದು ತಾನೇ, ತಿನ್ನುವುದಲ್ಲವಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು. ಯಜಮಾನರ ಮನೆಯಲ್ಲಿ ಯಾರದೋ ಔತಣಕ್ಕೆ ಬೇಯಿಸಿದಂತೆ ಇದೂ ಒಂದು.

ಬೇಯಿಸುವುದಕ್ಕೆ ಹಿಟ್ಟು ಬೇಕಲ್ಲ. ಒಸ್ತಿಗೆ ಬೇಕಾದ್ದು ಅಪ್ಪಟ ಗೋಧಿ ಮತ್ತು ನೀರು, ಅಷ್ಟೇ. ಅಂಗಡಿಗಳಲ್ಲಿ ಸಿಗುತ್ತಿದ್ದ ಹಿಟ್ಟಿನಲ್ಲಿ ಬಾರ್ಲಿ ಬೆರೆತಿತ್ತು, ಇಲ್ಲವೇ ಉಬ್ಬುವ ಪುಡಿ ಸೇರಿತ್ತು. ಆಲಿವ್ ನಾಲ್ಕು ದಿನ ಸುತ್ತಿ ಬರಿಗೈಯಲ್ಲಿ ಬಂದಳು. ಕೊನೆಗೆ ದಾರಿ ತೋರಿಸಿದವಳು ಕೆಳಗಿನ ಮಹಡಿಯ ಐಸಮ್ಮ. ಉಳ್ಳಾಲದ ಬ್ಯಾರಿ ಹೆಂಗಸು, ವಿಧವೆ, ಶಾಲೆಯೊಂದರಲ್ಲಿ ಗುಡಿಸುವ ಕೆಲಸ. ಜಹ್ರಾದಲ್ಲಿ ಅವಳ ತಮ್ಮನ ಕಿರಾಣಿ ಅಂಗಡಿ ಇತ್ತು. ಅರಬರು ರಂಜಾನಿನಲ್ಲಿ ಮಾಂಸದ ಜೊತೆ ಅರೆದು ಮಾಡುವ ಹರೀಸ್ ಎಂಬ ಅಡುಗೆಗೆ ಬೇಕಾಗುವ ಇಡೀ ಗೋಧಿ ಅರ್ಧ ಕಿಲೋದಷ್ಟು ಅಲ್ಲಿಂದ ತಂದು, ಬರುವ ರಂಜಾನಿಗೆ ಎಂದು ಅವಳು ಎತ್ತಿಟ್ಟಿದ್ದಳು. ಆಲಿವ್ ವಿಷಯ ಹೇಳಿ ಮುಗಿಸುವ ಮೊದಲೇ ಆ ಡಬ್ಬಿ ಅವಳ ಮಡಿಲಲ್ಲಿತ್ತು.

"ನಿಮ್ಮ ಹಬ್ಬ ಮೊದಲು ಬರ್ತದೆ, ತೆಕ್ಕೊಳ್ಳಿ ಬಾಯಿ. ರಂಜಾನಿಗೆ ನಾವು ಬದುಕಿದ್ರೆ ಅಲ್ಲಾಹು ಬೇರೆ ಕೊಡ್ತಾನೆ," ಎಂದಳು ಐಸಮ್ಮ.

ಗೋಧಿಯಲ್ಲಿ ಮುಕ್ಕಾಲು ಪಾಲನ್ನು ಮಿಕ್ಸಿಯಲ್ಲಿ ಬೀಸಿ, ಹಳೆಯ ಮಲ್ಮಲ್ ಬಟ್ಟೆಯಲ್ಲಿ ಎರಡೆರಡು ಸಲ ಗಾಳಿಸಿ, ಹಿಟ್ಟಿಗೆ ನೀರು ಹಾಕಿ ಕದಡಿದಳು. ಕಾನ್ವೆಂಟಿನಲ್ಲಿ ಉದ್ದ ಹಿಡಿಯ ಕಬ್ಬಿಣದ ಅಚ್ಚು ಇತ್ತು, ಇಲ್ಲಿ ಅದೆಲ್ಲಿ ಸಿಗಬೇಕು. ಚಪ್ಪಟೆ ಕಾವಲಿಗೆ ಮೇಣ ಒರೆಸಿ, ಹಿಟ್ಟು ಹೊಯ್ದು, ಮೇಲಿನಿಂದ ಕಾಯಿಸಿದ ಇಸ್ತ್ರಿ ಪೆಟ್ಟಿಗೆಯನ್ನು ಒತ್ತಿದಳು. ಮೊದಲಿನ ಹತ್ತು ಹಾಳೆ ಕರಕಲಾದವು. ಆಮೇಲೆ ಕೈ ಹದಕ್ಕೆ ಬಂತು. ಹಾಳೆಗಳನ್ನು ಒದ್ದೆ ಬಟ್ಟೆಯ ನಡುವೆ ಇಟ್ಟು ಮೆತ್ತಗಾಗಿಸಿ, ಕೆಮ್ಮಿನ ಔಷಧದ ಬಾಟಲಿಯ ಮುಚ್ಚಳದಿಂದ ದುಂಡಗೆ ಒತ್ತಿ ತೆಗೆದಳು. ಎರಡು ದಿನ ಕಳೆದಾಗ ಹಾಲಿನ ಪುಡಿಯ ಡಬ್ಬಿಯಲ್ಲಿ ಮುನ್ನೂರು ಬಿಳಿ ಬಿಲ್ಲೆಗಳು ಕೂತಿದ್ದವು. ಹದಿನೇಳು ವರ್ಷದ ಮೇಲೂ ಕೈ ಮರೆತಿಲ್ಲ ಎಂದು ಆಲಿವ್‌ಗೆ ಒಳಗೊಳಗೇ ಖುಷಿಯಾಯಿತು. ಒತ್ತಿ ಉಳಿದ ಅಂಚುಗಳನ್ನು ಮಕ್ಕಳಿಗೆ ತಿನ್ನಲು ಕೊಡುವುದು ಕಾನ್ವೆಂಟಿನ ಪದ್ಧತಿ. ಇಲ್ಲಿ ಮಗುವೆಂದರೆ ಕಾರ್ಮೆಲ್‌ಳೇ. ಅವಳು ಒಂದು ಹಿಡಿ ಅಂಚನ್ನು ಬಾಯಿಗೆ ಹಾಕಿಕೊಂಡು ಕುರುಕುರು ತಿಂದು, ರುಚಿಯಾಗಿ ಉಂಟು ಬಾಯಿ, ಉಪ್ಪು ಸರಿಯಾಗಿ ಹಿಡಿದಿದೆ ಎಂದಳು.

ಆಲಿವ್ ಇನ್ನೊಂದು ಚೂರು ತೆಗೆದು ನಾಲಗೆಗೆ ಇಟ್ಟು ನೋಡಿದಳು. ಹೌದು, ಉಪ್ಪಿತ್ತು. ಹದಿನೈದು ವರ್ಷ ಹದಿಮೂರು ಜನರಿಗೆ ಹಿಟ್ಟು ಕಲಸಿದ ಬಲಗೈ, ಅವಳನ್ನು ಒಂದು ಮಾತೂ ಕೇಳದೆ, ಒಲೆಯ ಪಕ್ಕದ ಡಬ್ಬಿಯಿಂದ ಚಿಟಿಕೆ ಉಪ್ಪು ತೆಗೆದು ಹಾಕಿಯೇ ಬಿಟ್ಟಿತ್ತು. ಒಸ್ತಿಗೆ ಉಪ್ಪು ಕೂಡದು. ಮುನ್ನೂರೂ ವ್ಯರ್ಥ.

ಬೇರೆ ಯಾರಾದರೂ ಆಗಿದ್ದರೆ ತಲೆಯ ಮೇಲೆ ಕೈಹೊತ್ತು ಎರಡು ಬೈದುಕೊಂಡು ಮತ್ತೆ ಶುರುಮಾಡುತ್ತಿದ್ದರು. ಆಲಿವ್ ಹಾಗಲ್ಲ. ಇದು ದೇವರ ಉತ್ತರ ಎಂದು ಅವಳಿಗೆ ಖಚಿತವಾಯಿತು. ಹದಿನೇಳು ವರ್ಷ ಅವನು ಸುಮ್ಮನಿದ್ದ, ಈಗ ನಿನ್ನ ಕೈಯದು ನನಗೆ ಬೇಡ ಎಂದು ಬಾಯಿಬಿಟ್ಟು ಹೇಳಿದ್ದಾನೆ. ಅವಳು ಡಬ್ಬಿಯ ಮುಚ್ಚಳ ಹಾಕಿದಳು, ಉಳಿದ ಮೇಣವನ್ನು ಕಾಗದದಲ್ಲಿ ಸುತ್ತಿದಳು, ಇದನ್ನು ಹಿಂದಕ್ಕೆ ಕೊಟ್ಟು ಬರುತ್ತೇನೆ ಎಂದು ಕಾರ್ಮೆಲ್‌ಗೆ ಹೇಳಿ ಹೊರಟಳು. ಕ್ರಿಸ್ಮಸ್ಸಿಗೆ ಉಳಿದದ್ದು ಎರಡೇ ದಿನ.

ಫಾದರ್ ಜೋಕಿಮ್ ಪೂಜೆಯ ಬಟ್ಟೆಗಳನ್ನಿಡುವ ಕೋಣೆಯಲ್ಲಿ, ಒಡೆದ ಕಿಟಕಿಗೆ ರಟ್ಟು ಅಂಟಿಸುತ್ತಿದ್ದರು. ಆಲಿವ್ ಮೇಣವನ್ನು ಮೇಜಿನ ಮೇಲಿಟ್ಟು, ತನ್ನಿಂದ ಆಗುವುದಿಲ್ಲ ಎಂದಳು. ಉಪ್ಪಿನ ಕಥೆ ಕೇಳಿ ಫಾದರ್ ನಕ್ಕುಬಿಟ್ಟರು. ಆ ನಗು ಅವಳಿಗೆ ಚುಚ್ಚಿತು. ನಗುವ ವಿಷಯವಲ್ಲ ಎಂದು ಶುರುಮಾಡಿದವಳು, ನಿಲ್ಲಿಸಬೇಕೆಂದರೂ ನಿಲ್ಲಿಸಲಾಗದೆ ತಾಯಿಯ ಟೈಫಾಯ್ಡ್, ಹರಕೆ, ಕಾನ್ವೆಂಟು, ಪೆಪ್ಪರ್‌ಮಿಂಟು, ಎಲ್ಲವನ್ನೂ ನಿಂತಲ್ಲೇ ಹೇಳಿ ಮುಗಿಸಿದಳು. ಫಾದರ್ ರಟ್ಟು ಕೆಳಗಿಟ್ಟು ಸ್ಟೂಲಿನ ಮೇಲೆ ಕೂತರು. ಇಷ್ಟು ವರ್ಷ ಪಾಪನಿವೇದನೆಗೆ ಯಾಕೆ ಬರಲಿಲ್ಲ ಎಂದು ಕೇಳಿದರು.

"ನಂಗೆ ಪಶ್ಚಾತ್ತಾಪ ಇಲ್ಲ ಫಾದರ್," ಎಂದಳು ಆಲಿವ್. "ಇನ್ನೊಮ್ಮೆ ಅದೇ ಪರಿಸ್ಥಿತಿ ಬಂದ್ರೆ ಇನ್ನೊಮ್ಮೆ ಅದನ್ನೇ ಮಾಡ್ತೇನೆ. ಮನೆಯಲ್ಲಿ ಐದು ಹೊಟ್ಟೆ ಹಸ್ಕೊಂಡಿರುವಾಗ ನಾನು ಬಿಳಿ ಉಡುಪು ಹಾಕಿ ಜಪ ಮಾಡ್ತಾ ಕೂರ್ಲಿಕ್ಕೆ ಆಗ್ತದಾ? ಪಶ್ಚಾತ್ತಾಪ ಉಂಟು ಅಂತ ದೇವರ ಹತ್ರ ಸುಳ್ಳು ಹೇಳ್ಲಿಕ್ಕೆ ನನ್ನಿಂದ ಆಗುದಿಲ್ಲ."

"ಹನ್ನೊಂದು ವರ್ಷದ ಹುಡುಗಿ ಅಳ್ತಾ ಕೊಟ್ಟ ಮಾತು ಅದು. ಅದ್ರಿಂದ ಬಿಡಿಸ್ಲಿಕ್ಕೆ ಊರಿನ ಒಬ್ಬ ಪಾದ್ರಿ ಸಾಕಿತ್ತು. ಐದು ನಿಮಿಷದ ಕೆಲಸ. ಯಾರ ಹತ್ರ ಆದ್ರೂ ಕೇಳಿದ್ದುಂಟಾ ನೀನು?"

ಕೇಳಿರಲಿಲ್ಲ. ಯಾಕೆ ಎಂದರೆ, ಅವರು ಏನು ಹೇಳುತ್ತಾರೆ ಎಂಬುದು ತನಗೆ ಗೊತ್ತಿತ್ತು ಎಂದಳು.

"ಅದೇ ನೋಡು," ಎಂದರು ಫಾದರ್. "ದೇವರ ಕುರ್ಚಿಯಲ್ಲಿ ನೀನೇ ಹತ್ತಿ ಕೂತು, ತೀರ್ಪು ನೀನೇ ಬರ್ದು, ಶಿಕ್ಷೆಯೂ ನೀನೇ ಕೊಟ್ಟದ್ದು. ಅವನಿಗೆ ಮಾತಾಡ್ಲಿಕ್ಕೆ ಬಿಟ್ಟದ್ದೇ ಇಲ್ಲ. ತಮ್ಮ ತಂಗಿಯರಿಗೆ ಅನ್ನ ಹಾಕಿದ್ದಕ್ಕೆ ಪಶ್ಚಾತ್ತಾಪ ಯಾರಿಗೆ ಬೇಕು ಮಾರಾಯ್ತಿ? ಆ ಕುರ್ಚಿಯಿಂದ ಇಳಿಯುವ ಮನಸ್ಸು ಉಂಟಾ, ಅದನ್ನು ಹೇಳು."

ಆಲಿವ್‌ಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಐದು ನಿಮಿಷದ ಕೆಲಸವಂತೆ. ಹಾಗಾದರೆ ಆ ಹದಿನೇಳು ವರ್ಷ? ತಂಗಿಯ ಮದುವೆಯ ಪೂಜೆಯಲ್ಲಿ, ತಾಯಿಯ ಸಾವಿನ ಪೂಜೆಯಲ್ಲಿ ಕೂಡ ಹಸಿದು ಕೂತದ್ದು ಯಾತಕ್ಕೆ? ಸಿಟ್ಟು ಯಾರ ಮೇಲೆ ಎಂದು ಹುಡುಕಿಕೊಂಡು ಹೋದರೆ ದೇವರ ಮೇಲೆ ಎನ್ನುವಂತಿರಲಿಲ್ಲ, ಪಾದ್ರಿಯ ಮೇಲೂ ಅಲ್ಲ. ತನ್ನ ಹೆಮ್ಮೆಯನ್ನೇ ತಾನು ಭಕ್ತಿ ಎಂದು ಸಾಕಿಕೊಂಡು ಬಂದಿದ್ದೆ ಎಂಬುದು ಅವಳಿಗೆ ಆ ಕೋಣೆಯಲ್ಲಿ, ಅಂಟಿನ ವಾಸನೆಯ ನಡುವೆ, ಅರ್ಥವಾಯಿತು. ಅರ್ಥವಾದದ್ದು ಸುಖವಾಗಿಯೇನೂ ಇರಲಿಲ್ಲ. ಮೊಣಕಾಲೂರಿದಳು. ಇಳಿಯುತ್ತೇನೆ ಎಂದಳು.

ಫಾದರ್ ಅವಳನ್ನು ಹರಕೆಯಿಂದ ಬಿಡಿಸಿದರು, ಪಾಪಕ್ಷಮೆಯ ಮಾತುಗಳನ್ನು ಹೇಳಿ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿದರು. ಪ್ರಾಯಶ್ಚಿತ್ತಕ್ಕೆ ಐದು ಜಪವೋ ಹತ್ತು ಜಪವೋ ಕೊಡುತ್ತಾರೆ ಎಂದುಕೊಂಡರೆ, ಮೇಣವನ್ನು ಮತ್ತೆ ಅವಳ ಕೈಗಿಟ್ಟು, ಇನ್ನೊಮ್ಮೆ ಒಸ್ತಿ ಮಾಡು, ಉಪ್ಪಿನ ಡಬ್ಬಿಯನ್ನು ಬೇರೆಯವರ ಮನೆಯಲ್ಲಿಟ್ಟು ಮಾಡು ಎಂದರು.

"ಮಾಡ್ತೇನೆ," ಎಂದಳು ಆಲಿವ್ ಮೂಗು ಒರೆಸಿಕೊಳ್ಳುತ್ತ. "ಆದ್ರೆ ತಿನ್ಲಿಕ್ಕೆ ಮಾತ್ರ ಹೇಳ್ಬೇಡಿ. ಒಂದೇ ದಿನದಲ್ಲಿ ಅಷ್ಟೆಲ್ಲ ನನ್ನಿಂದ ಆಗ್ಲಿಕ್ಕಿಲ್ಲ."

ಅದು ನಿನಗೂ ಅವನಿಗೂ ಬಿಟ್ಟದ್ದು ಎಂದು ಹೇಳಿ ಫಾದರ್ ರಟ್ಟು ಎತ್ತಿಕೊಂಡರು.

ಉಪ್ಪಿನ ಡಬ್ಬಿ ಐಸಮ್ಮನ ಮನೆ ಸೇರಿತು. ಅಷ್ಟು ಸಾಲದೆಂದು ಕಾರ್ಮೆಲ್ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಆಲಿವ್‌ಳ ಬಲಗೈಯ ಮೇಲೆ ಕಣ್ಣಿಟ್ಟು ಕಾವಲು ಕೂತಳು. ಗೋಧಿ ಉಳಿದದ್ದು ಕಾಲು ಪಾಲು. ಆಲಿವ್‌ಗೆ ದೇವರ ಹತ್ತಿರ ಮಾತಾಡುವುದೆಂದರೆ ಯಾವಾಗಲೂ ಇದ್ದದ್ದು ಸಮಜಾಯಿಷಿ ಕೊಡುವುದೊಂದೇ. ಈ ಸಲ ಹಿಟ್ಟು ಹೊಯ್ಯುವಾಗ ಸಮಜಾಯಿಷಿ ಬರಲಿಲ್ಲ. ಕೈ ನನ್ನದು, ಉಳಿದದ್ದೆಲ್ಲ ನಿನ್ನದು, ಸುಟ್ಟರೆ ಸುಡಲಿ, ಕಾವಲಿಯಿಂದ ಎದ್ದರೆ ಏಳಲಿ ಎಂದುಕೊಂಡಳು. ಹಾಗೆಂದ ಮೇಲೆ ಹೆದರಿಕೆ ಇಳಿಯಿತು. ಮೂರೇ ಹಾಳೆ ಸುಟ್ಟವು. ಸಂಜೆಯ ಹೊತ್ತಿಗೆ ಡಬ್ಬಿಯಲ್ಲಿ ನೂರ ಇಪ್ಪತ್ತು ಬಿಲ್ಲೆಗಳಿದ್ದವು. ಕಾರ್ಮೆಲ್ ಅಂಚು ತಿಂದು ನೋಡಿ, ಏನೂ ರುಚಿಯಿಲ್ಲ ಎಂದು ಮುಖ ಕಿವಿಚಿದಳು. ಆಲಿವ್‌ಗೆ ಅದಕ್ಕಿಂತ ದೊಡ್ಡ ಹೊಗಳಿಕೆ ಬೇಕಿರಲಿಲ್ಲ.

ರಾತ್ರಿ ಕರ್ಫ್ಯೂ ಇದ್ದುದರಿಂದ ಆ ವರ್ಷದ ಕ್ರಿಸ್ಮಸ್ ಪೂಜೆಯನ್ನು ಇಪ್ಪತ್ತೈದರ ಮಧ್ಯಾಹ್ನ ಮೂರು ಗಂಟೆಗೆ ಇಟ್ಟಿದ್ದರು. ಕಾರ್ಮೆಲ್‌ಳ ನಡಿಗೆ ನಿಧಾನವೆಂದು ಇಬ್ಬರೂ ಬೇಗ ಹೊರಟರು. ಹೊಟ್ಟೆ ಅಷ್ಟು ಬೆಳೆದ ಮೇಲೆ ನಡೆದಾಡುವುದು ಒಳ್ಳೆಯದೆಂದು ಡಾಕ್ಟರೇ ಹೇಳಿದ್ದರು. ಇಗರ್ಜಿಗೆ ಇನ್ನು ಎರಡು ಬೀದಿ ಇರುವಾಗ, ಮರಳಿನ ಚೀಲ ಪೇರಿಸಿದ ಚೆಕ್‌ಪಾಯಿಂಟಿನಲ್ಲಿ ಒಬ್ಬ ಸೈನಿಕ ತಡೆದ. ಐವತ್ತರ ಆಸುಪಾಸಿನವನು, ನರೆತ ಮೀಸೆ, ಅಂಗಿ ಎರಡು ಅಳತೆ ದೊಡ್ಡದು. ಹಾಲಿನ ಪುಡಿಯ ಡಬ್ಬಿ ಕಂಡು ಅವನ ಕಣ್ಣು ಅದರ ಮೇಲೆ ನೆಟ್ಟಿತು. ತೆರೆ ಎಂದ. ಆಲಿವ್ ತೆರೆದಳು. ಅವನು ಒಳಗೆ ನೋಡಿ, ಮೂಸಿ, ಒಂದು ಹಿಡಿ ತೆಗೆದು ಬಾಯಿಗೆ ತುಂಬಿಕೊಂಡ.

ಕಾರ್ಮೆಲ್ ಆಲಿವ್‌ಳ ತೋಳನ್ನು ಬಿಗಿಯಾಗಿ ಹಿಡಿದಳು. ಆಲಿವ್ ಅವನನ್ನೇ ನೋಡುತ್ತಿದ್ದಳು. ಅವನು ಅಗಿಯುವ ರೀತಿಯಲ್ಲೇ ಗೊತ್ತಾಗುತ್ತಿತ್ತು, ಬೆಳಗಿನಿಂದ ಅವನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಪೂಜೆಯಾಗುವ ತನಕ ಅದು ಬರೀ ರೊಟ್ಟಿ. ಹಸಿದವನ ಕೈಯಿಂದ ಅದನ್ನು ಕಿತ್ತುಕೋ ಎಂದು ಯಾವ ದೇವರೂ ಹೇಳಿದ್ದಿಲ್ಲ. ತಿನ್ನಿ ಅಣ್ಣಾ, ತಿನ್ನಿ ಎಂದು ಅವಳು ತನಗೆ ಬರುವ ಅಡುಗೆಮನೆಯ ಅರಬಿಯಲ್ಲಿ ಹೇಳಿ ಡಬ್ಬಿಯನ್ನು ಮುಂದೆ ಹಿಡಿದಳು. ಅವನು ಇನ್ನೊಂದು ಹಿಡಿ ತೆಗೆದುಕೊಂಡ. ಅಗಿಯುತ್ತ ಅಗಿಯುತ್ತ ಮುಖ ಸೊಟ್ಟಗೆ ಮಾಡಿದ.

"ಮಾ ಫೀ ಮಿಲ್ಹ್," ಎಂದ. ಇದರಲ್ಲಿ ಉಪ್ಪೇ ಇಲ್ಲ ಎಂದು ದೂರು.

ಆಲಿವ್‌ಗೆ ನಗು ಬಂತು. ಆಗಸ್ಟಿನಿಂದ ಈಚೆಗೆ ನಕ್ಕಿರದ ಹೆಂಗಸು, ಬಂದೂಕಿನ ಮುಂದೆ ನಿಂತು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಸೈನಿಕ ಮೊದಲು ಕಕ್ಕಾಬಿಕ್ಕಿಯಾದ, ಆಮೇಲೆ ಅವನಿಗೂ ನಗು ಬಂತು, ಕೊನೆಗೆ ನಾಚಿಕೆಯೂ ಬಂತೇನೋ. ಜೇಬು ತಡಕಾಡಿ ಎರಡು ಖರ್ಜೂರ ತೆಗೆದು, ತಿಂದದ್ದಕ್ಕೆ ಬದಲಿ ಎನ್ನುವಂತೆ, ಇಬ್ಬರಿಗೂ ಒಂದೊಂದು ಕೊಟ್ಟು, ಯಲ್ಲಾ, ಹೋಗಿ ಎಂದು ಕೈಬೀಸಿದ.

ಕಾರ್ಮೆಲ್ ಖರ್ಜೂರವನ್ನು ತುಟಿಯ ತನಕ ತಂದವಳು ಗಡಿಯಾರ ನೋಡಿ, ಪ್ರಸಾದಕ್ಕೆ ಇನ್ನು ಒಂದು ಗಂಟೆಯೂ ಇಲ್ಲವಲ್ಲ ಎಂದು ನಿಲ್ಲಿಸಿದಳು. ಪಕ್ಕಕ್ಕೆ ತಿರುಗಿ ನೋಡಿದರೆ ಆಲಿವ್ ತನ್ನ ಖರ್ಜೂರವನ್ನು ಕರವಸ್ತ್ರದಲ್ಲಿ ಕಟ್ಟಿ ಚೀಲಕ್ಕೆ ಹಾಕುತ್ತಿದ್ದಳು. ಪ್ರತಿ ಶುಕ್ರವಾರ ಗೇಟಿನಲ್ಲಿ ಬೇಕೆಂದೇ ಬಾಯಾಡಿಸುತ್ತಿದ್ದವಳು, ಕೈಗೆ ಬಂದ ತುತ್ತನ್ನು ಯಾಕೆ ಎತ್ತಿಟ್ಟೆ ಎಂದು ತನ್ನನ್ನು ತಾನು ಕೇಳಿಕೊಳ್ಳಲಿಲ್ಲ. ಕಾರ್ಮೆಲ್‌ಗೂ ಏನೋ ಹೊಳೆದಿರಬೇಕು, ಆದರೆ ಜೀವಮಾನದಲ್ಲಿ ಮೊದಲ ಬಾರಿಗೆ ಅವಳು ಬಾಯಿ ಮುಚ್ಚಿಕೊಂಡು ನಡೆದಳು.

ಇಗರ್ಜಿಯಲ್ಲಿ ಜನ ನಿರೀಕ್ಷೆಗಿಂತ ಹೆಚ್ಚು ಸೇರಿದ್ದರು. ದೂರದ ಅಹ್ಮದಿಯಿಂದ ಕೂಡ ಜೀವ ಕೈಯಲ್ಲಿ ಹಿಡಿದುಕೊಂಡು ಬಂದವರಿದ್ದರು. ಮಲಯಾಳಿಗಳು, ಗೋವಾದವರು, ಫಿಲಿಪಿನೋ ದಾದಿಯರು, ಲೆಬನಾನಿನ ವೃದ್ಧ ದಂಪತಿ, ಎಲ್ಲ ಸೇರಿ ಇನ್ನೂರರ ಹತ್ತಿರ. ಡಬ್ಬಿಯಲ್ಲಿ ಉಳಿದದ್ದು ಎಪ್ಪತ್ತೋ ಎಂಬತ್ತೋ. ನಡೆದದ್ದನ್ನು ಆಲಿವ್ ಹೇಳಿದಾಗ ಫಾದರ್, ಒಡೆದು ಹಂಚಿದರಾಯಿತು, ಕ್ರಿಸ್ತನೂ ಒಡೆದೇ ಹಂಚಿದ್ದು ಎಂದರು. ಪೂಜೆ ಶುರುವಾಯಿತು. ಆರ್ಗನ್ ಬಾರಿಸುವವನು ಸೆಪ್ಟೆಂಬರಿನಲ್ಲೇ ಹೋಗಿದ್ದ, ಜನ ಬರೀ ಗಂಟಲಿನಲ್ಲಿ ಹಾಡಿದರು. ಯಾರ ರಾಗವೂ ಇನ್ನೊಬ್ಬರದಕ್ಕೆ ಸೇರಲಿಲ್ಲ, ಆದರೂ ಅಷ್ಟು ಗಟ್ಟಿಯಾದ ಹಾಡನ್ನು ಆಲಿವ್ ಆ ಊರಲ್ಲಿ ಕೇಳಿರಲಿಲ್ಲ.

ಪ್ರಸಾದ ಕೊಡುವಾಗ ಚೂರು ನೆಲಕ್ಕೆ ಬೀಳದಂತೆ ಗಲ್ಲದ ಕೆಳಗೆ ಒಂದು ತಟ್ಟೆ ಹಿಡಿಯುವುದು ಪದ್ಧತಿ. ಅದಕ್ಕೆಂದು ಇದ್ದ ಹುಡುಗರೆಲ್ಲ ಮನೆಯವರ ಜೊತೆ ಊರು ಸೇರಿದ್ದರು. ಫಾದರ್ ಜೋಕಿಮ್ ಪೀಠದಿಂದಲೇ ಕಣ್ಣು ಹಾಯಿಸಿ, ಆಲಿವ್, ಬಂದು ತಟ್ಟೆ ಹಿಡಿ ಎಂದರು. ಇದು ಪಾದ್ರಿಯ ಕಿತಾಪತಿಯೇ ಎಂದು ಅವಳಿಗೆ ಅನುಮಾನ ಬಂದರೂ, ಪೂಜೆಯ ನಡುವೆ ವಾದ ಮಾಡುವಂತಿಲ್ಲ. ಎದ್ದು ಬಂದಳು.

ಅವಳು ತಟ್ಟೆ ಹಿಡಿದು ನಿಂತಳು, ಜನ ಒಬ್ಬೊಬ್ಬರಾಗಿ ಬಂದರು. ಹದಿನೇಳು ವರ್ಷ ಅವಳು ನೋಡಿದ್ದು ಪ್ರಸಾದಕ್ಕೆ ಹೋಗುವವರ ಬೆನ್ನುಗಳನ್ನು ಮಾತ್ರ. ಮುಖಗಳನ್ನು ಈಗ ನೋಡಿದಳು. ದಾಡಿ ಬೋಳಿಸದ ಮುಖ, ನಿದ್ದೆಯಿಲ್ಲದ ಮುಖ, ಗಂಡನ ಸುದ್ದಿ ಸಿಗದೆ ನಾಲ್ಕು ತಿಂಗಳಾದವಳ ಮುಖ. ಯಾರೂ ಅರ್ಹರಂತೆ ಕಾಣಲಿಲ್ಲ. ಹಸಿದವರಂತೆ ಕಂಡರು. ಬಾಯಿ ತೆರೆದರು, ಪಡೆದರು, ಹೋದರು. ಅರ್ಧಗಳು ಕಾಲುಗಳಾದವು, ಕಾಲುಗಳು ಇನ್ನೂ ಚಿಕ್ಕ ಚೂರುಗಳಾದವು. ಕೊನೆಗೆ ಕಾರ್ಮೆಲ್ ಒಂದು ಕೈಯಲ್ಲಿ ಸೊಂಟ ಹಿಡಿದುಕೊಂಡು ಬಂದಳು. ಅವಳೂ ಪಡೆದು, ಆಲಿವ್‌ಳ ಕಡೆ ಒಂದು ಸಲ ನೋಡಿ, ಪಕ್ಕಕ್ಕೆ ಸರಿದು ನಿಂತಳು. ಸಾಲು ಮುಗಿಯಿತು.

ಫಾದರ್ ಜೋಕಿಮ್ ಪೀಠದ ಕಡೆ ಹೋಗಲಿಲ್ಲ. ಪಾತ್ರೆಯ ತಳದಲ್ಲಿ ಉಳಿದಿದ್ದ ಉಗುರಗಲದ ಚೂರನ್ನು ಎರಡು ಬೆರಳಲ್ಲಿ ಎತ್ತಿ, ಅವಳ ಕಡೆ ತಿರುಗಿ ನಿಂತರು. ಒತ್ತಾಯ ಮಾಡಲಿಲ್ಲ, ಕಣ್ಣಸನ್ನೆಯನ್ನೂ ಮಾಡಲಿಲ್ಲ. ಬೇರೆ ಎಲ್ಲರಿಗೂ ಹೇಳಿದ ಎರಡೇ ಶಬ್ದವನ್ನು ಅವಳಿಗೂ ಹೇಳಿದರು.

"ಕ್ರಿಸ್ತನ ಶರೀರ."

ಆಲಿವ್‌ಳ ಎರಡು ಕೈಗಳೂ ತಟ್ಟೆಯ ಮೇಲಿದ್ದವು. ಸುರಿಯುವ ಕಣ್ಣೀರನ್ನು ಒರೆಸಿಕೊಳ್ಳಲು ಆಗುತ್ತಿರಲಿಲ್ಲ, ಮುಖ ಮುಚ್ಚಿಕೊಳ್ಳಲು ಆಗುತ್ತಿರಲಿಲ್ಲ. ನಾನು ಯೋಗ್ಯಳಲ್ಲ ಎಂದು ಹೇಳಲು ನಾಲಗೆ ಎದ್ದಿತು, ಆದರೆ ಅದನ್ನು ಹೇಳುವ ಅಧಿಕಾರ ಇನ್ನು ತನ್ನದಲ್ಲ ಎಂದು ಅವಳಿಗೆ ಗೊತ್ತಿತ್ತು. ತಟ್ಟೆಯನ್ನು ತನ್ನದೇ ಗಲ್ಲದ ಕೆಳಗೆ ತಂದುಕೊಂಡಳು. ಆಮೆನ್ ಎಂದಳು, ಹೊರಗೆ ಬೀದಿಗೂ ಕೇಳುವಷ್ಟು ಗಟ್ಟಿಯಾಗಿ, ಮತ್ತು ಬಾಯಿ ತೆರೆದಳು.